ಛಾಯಾಚಿತ್ರದ ದರ: ಕಾಗದದ ಲೆಕ್ಕ ಎಲ್ಲಿಯವರೆಗೆ?

ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಯ ತೆಂಗು ಬೆಳೆಗಾರ ತನ್ನ ಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುವ ಮೊದಲೇ ಅದರ ಬೆಲೆಯ ಬಗ್ಗೆ ದೆಹಲಿಯವರೆಗೆ ಚರ್ಚೆ ನಡೆದಿರುತ್ತದೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಉತ್ಪಾದನಾ ವೆಚ್ಚವನ್ನು ಲೆಕ್ಕ ಹಾಕುತ್ತದೆ. ಕೇಂದ್ರ ಸಂಪುಟ ಬೆಂಬಲ ಬೆಲೆ ಘೋಷಿಸುತ್ತದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ನಿಗದಿಯಾದದ್ದು ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷ ಮಾರುಕಟ್ಟೆಯ ದರ ಅದನ್ನು ಬಹಳ ಹಿಂದೆ ಬಿಟ್ಟು ಮೇಲೇರಿದ್ದು ಬೇರೆ ಮಾತು. ಬೆಂಬಲ ಬೆಲೆ ಸಾಲದೆಂದು ವಾದಿಸಲು ರೈತ ಸಂಘಟನೆಗಳಿವೆ, ವಿಧಾನಸಭೆಯಲ್ಲಿ ದನಿ ಎತ್ತಲು ಶಾಸಕರಿದ್ದಾರೆ, ತಿಪಟೂರಿನ ಹರಾಜು ಕಟ್ಟೆಯ ದರವನ್ನು ಮರುದಿನವೇ ಮುದ್ರಿಸುವ ಪತ್ರಿಕೆಗಳಿವೆ. ಅದೇ ಬೆಳೆಗಾರನ ಮಗ ಹೋಬಳಿ ಕೇಂದ್ರದಲ್ಲಿ ಒಂದು ಫೋಟೋ ಸ್ಟುಡಿಯೋ ತೆರೆದನೆನ್ನಿ. ತಾನು ತೆಗೆದ ಚಿತ್ರಕ್ಕೆ ಎಷ್ಟು ಕೇಳಬೇಕೆಂದು ತೀರ್ಮಾನಿಸಲು ಅವನಿಗಿರುವ ಏಕೈಕ ಆಧಾರವೆಂದರೆ ಪಕ್ಕದ ಊರಿನ ಸ್ಟುಡಿಯೋದವನು ಕೇಳುತ್ತಿರುವ ದರ. ಆ ಪಕ್ಕದ ಊರಿನವನಾದರೋ ಇವನನ್ನು ನೋಡಿ ತನ್ನ ದರ ನಿರ್ಧರಿಸಿರುತ್ತಾನೆ.

ಇದು ಒಬ್ಬಿಬ್ಬರ ಸಮಸ್ಯೆಯಲ್ಲ. ವಿದ್ಯಾವಂತ ಗ್ರಾಮೀಣ ಯುವಕರಿಗೆ ಸ್ವಂತ ಉದ್ಯೋಗದ ಹೆಸರಿನಲ್ಲಿ ನಾವು ತೋರಿಸುವ ದಾರಿಗಳಲ್ಲಿ ಛಾಯಾಗ್ರಹಣವೂ ಒಂದು. ಬ್ಯಾಂಕಿನ ಸಾಲ ಪಡೆದು ಕ್ಯಾಮೆರಾ ಕೊಂಡವರು ಹೋಬಳಿ ಹೋಬಳಿಯಲ್ಲೂ ಸಿಗುತ್ತಾರೆ. ಮದುವೆಯ ದಿನಗಳಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ. ಆದರೂ ನಾಲ್ಕೈದು ವರ್ಷಗಳಲ್ಲಿ ಹೊಸ ಕ್ಯಾಮೆರಾ ಕೊಳ್ಳಬೇಕಾಗಿ ಬಂದಾಗ ಅನೇಕರು ಮತ್ತೆ ಸಾಲಗಾರರಾಗುತ್ತಾರೆ. ದುಡಿಮೆ ಇದ್ದೂ ಉಳಿತಾಯವಿಲ್ಲದ ಈ ಸ್ಥಿತಿಗೆ ಗಿರಾಕಿಯ ಜಿಪುಣತನವಾಗಲಿ ಮೊಬೈಲ್ ಫೋನಿನ ಪೈಪೋಟಿಯಾಗಲಿ ಪೂರ್ಣ ಕಾರಣವಲ್ಲ. ದರ ನಿಗದಿಯ ಪದ್ಧತಿಯಲ್ಲಿಯೇ ದೋಷವಿದೆ.

ಫಿಲ್ಮ್ ಯುಗದಲ್ಲಿ ಒಂದು ಸುರುಳಿಗೆ 36 ಚಿತ್ರಗಳ ಮಿತಿಯಿತ್ತು. ಸುರುಳಿಗೆ ಹಣ, ಅದನ್ನು ಬಸ್ಸಿನಲ್ಲಿ ಪೇಟೆಯ ಕಲರ್ ಲ್ಯಾಬಿಗೆ ಕಳುಹಿಸಲು ಹಣ, ಸಂಸ್ಕರಣೆಗೆ ಹಣ, ಪ್ರತಿಯೊಂದು ಮುದ್ರಣಕ್ಕೂ ಹಣ. ವೆಚ್ಚದ ದೊಡ್ಡ ಪಾಲು ಪ್ರತಿಗಳ ಸಂಖ್ಯೆಯ ಜೊತೆ ಏರುತ್ತಿದ್ದುದರಿಂದ ‘ಕಾಪಿಗೆ ಇಷ್ಟು’ ಎಂಬ ದರ ಒಂದು ಮಟ್ಟಿಗೆ ತರ್ಕಬದ್ಧವಾಗಿಯೇ ಇತ್ತು. ಒಂದು ಯಂತ್ರವನ್ನು ಹತ್ತು ಹದಿನೈದು ವರ್ಷ ಬಳಸಿದವರಿದ್ದರು. ತಂದೆಯ ಕ್ಯಾಮೆರಾ ಮಗನ ಕೈಗೆ ಬಂದದ್ದೂ ಉಂಟು. ಡಿಜಿಟಲ್ ತಂತ್ರಜ್ಞಾನ ಈ ವೆಚ್ಚದ ರಚನೆಯನ್ನೇ ತಲೆಕೆಳಗು ಮಾಡಿತು. 2012ರ ಜನವರಿಯಲ್ಲಿ ಕೊಡಕ್ ಕಂಪನಿ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿದಾಗ ಜಗತ್ತು ಅದನ್ನು ಒಂದು ಕಂಪನಿಯ ಪತನವೆಂದು ಓದಿತು. ಹಳ್ಳಿಯ ಸ್ಟುಡಿಯೋ ಮಾಲೀಕನಿಗೆ ಅದರ ಅರ್ಥವೇ ಬೇರೆ. ಇನ್ನೊಂದು ಚಿತ್ರ ತೆಗೆಯುವ ಹೆಚ್ಚುವರಿ ವೆಚ್ಚ, ಅಂದರೆ ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಸೀಮಾಂತ ವೆಚ್ಚ, ಬಹುತೇಕ ಸೊನ್ನೆಗೆ ಇಳಿದಿತ್ತು. ಯಂತ್ರ, ಕಂಪ್ಯೂಟರು, ತಂತ್ರಾಂಶ, ಚಿತ್ರಗಳನ್ನು ಕಾಪಿಡುವ ಹಾರ್ಡ್ ಡಿಸ್ಕು ಮುಂತಾದ ಸ್ಥಿರ ವೆಚ್ಚಗಳು ಏರಿದವು. ಅವುಗಳ ಆಯಸ್ಸು ಮಾತ್ರ ಕುಗ್ಗಿತು. ಮದುವೆ ಮುಗಿದ ಮೇಲೆ ಎರಡು ಸಾವಿರ ಚಿತ್ರಗಳಿಂದ ಇನ್ನೂರನ್ನು ಆರಿಸಿ ತಿದ್ದುವ ಕೆಲಸ ಹೊಸದಾಗಿ ಸೇರಿತು. ಆದರೆ ದರ ಹೇಳುವ ಭಾಷೆ ಬದಲಾಗಲಿಲ್ಲ. ಇಂದಿಗೂ ಮಾತುಕತೆ ನಡೆಯುವುದು ಆಲ್ಬಮ್ಮಿನಲ್ಲಿ ಎಷ್ಟು ಹಾಳೆ, ಪಾಸ್‌ಪೋರ್ಟ್ ಅಳತೆಯವು ಎಷ್ಟು ಪ್ರತಿ ಎಂಬುದರ ಸುತ್ತಲೇ.

ಛಾಯಾಚಿತ್ರದಲ್ಲಿ ನಾವು ಕೊಳ್ಳುವುದು ಕಾಗದವನ್ನೋ ಕೌಶಲವನ್ನೋ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನೂ ದಶಕಗಳ ಕಾಲ ಕಾಡಿದೆ. ಮಾರಾಟ ತೆರಿಗೆಯ ಕಾರಣಕ್ಕೆ ಈ ಪ್ರಶ್ನೆ ಎದ್ದಿತು. ಸ್ಟುಡಿಯೋದವನು ಚಿತ್ರ ತೆಗೆದು ಪ್ರತಿ ಕೊಡುವುದು ಸರಕಿನ ಮಾರಾಟವಲ್ಲ, ಕೌಶಲ ಮತ್ತು ಶ್ರಮದ ಕರಾರು ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತು. 1982ರಲ್ಲಿ ಸಂವಿಧಾನಕ್ಕೆ 46ನೇ ತಿದ್ದುಪಡಿಯಾಗಿ, ಕಾಮಗಾರಿ ಕರಾರಿನೊಳಗೆ ಅಡಗಿರುವ ಸರಕಿನ ಮೇಲೂ ತೆರಿಗೆ ವಿಧಿಸಲು ರಾಜ್ಯಗಳಿಗೆ ಅವಕಾಶ ದೊರೆಯಿತು. ಕರ್ನಾಟಕ 1989ರ ಜುಲೈಯಿಂದ ಛಾಯಾಚಿತ್ರಗಳ ಸಂಸ್ಕರಣೆ ಮತ್ತು ಪೂರೈಕೆಯನ್ನು ಮಾರಾಟ ತೆರಿಗೆಯ ಪಟ್ಟಿಗೆ ಸೇರಿಸಿತು. 2000ದಲ್ಲಿ ಮಧ್ಯಪ್ರದೇಶದ ರೇನ್‌ಬೋ ಕಲರ್ ಲ್ಯಾಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಕೌಶಲದ ಪರ ನಿಂತಿತು. ಅದರ ಬೆನ್ನಲ್ಲೇ ನಮ್ಮ ರಾಜ್ಯದ ತೆರಿಗೆಯೂ ಬಿದ್ದುಹೋಯಿತು. ಸುಮ್ಮನಿರದ ಸರ್ಕಾರ 2004ರಲ್ಲಿ ಅದೇ ತೆರಿಗೆಯನ್ನು ಪೂರ್ವಾನ್ವಯವಾಗುವಂತೆ, ಅಂದರೆ 1989ರಿಂದಲೇ ಜಾರಿಯಲ್ಲಿತ್ತೆಂಬಂತೆ, ಮರಳಿ ತಂದಿತು. ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೊನೆಗೆ 2015ರ ಜನವರಿಯಲ್ಲಿ ‘ಕರ್ನಾಟಕ ಸರ್ಕಾರ ಮತ್ತು ಪ್ರೋ ಲ್ಯಾಬ್’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ವಾದವನ್ನು ಎತ್ತಿಹಿಡಿದು, 46ನೇ ತಿದ್ದುಪಡಿಯ ನಂತರ ಕರಾರಿನ ಪ್ರಧಾನ ಉದ್ದೇಶ ಯಾವುದೆಂಬ ಪ್ರಶ್ನೆಯೇ ಅಪ್ರಸ್ತುತ ಎಂದಿತು. ಎರಡು ವರ್ಷ ಕಳೆದು 2017ರಲ್ಲಿ ಜಿಎಸ್‌ಟಿ ಬಂದಾಗ ಛಾಯಾಗ್ರಹಣ ಮತ್ತೆ ‘ಸೇವೆ’ ಆಯಿತು. ತೆರಿಗೆ ಶೇ 18. ಕಾಗದವೋ ಕೌಶಲವೋ ಎಂದು ರಾಜ್ಯವೇ ಕಾಲು ಶತಮಾನ ಗೊಂದಲದಲ್ಲಿದ್ದ ಮೇಲೆ, ಹೋಬಳಿಯ ಹುಡುಗ ಕಾಗದವನ್ನೇ ಎಣಿಸಿ ಬಿಲ್ಲು ಬರೆದರೆ ಅವನನ್ನು ದೂರಲಾದೀತೇ?

ಇಲ್ಲಿ ಮರೆಯಾಗಿ ಉಳಿಯುವ ಇನ್ನೊಂದು ಹೊರೆಯಿದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದ ಸೇವಾದಾತರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಸಣ್ಣ ಸ್ಟುಡಿಯೋಗಳಿಗೆ ಇದೊಂದು ಅನುಕೂಲವೆಂದೇ ಭಾವನೆ. ಆದರೆ ನೋಂದಣಿ ಇಲ್ಲದವನಿಗೆ ಕ್ಯಾಮೆರಾ ಕೊಳ್ಳುವಾಗ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯುವ ಹಕ್ಕಿಲ್ಲ. ಆ ಮೊತ್ತ ಅವನ ಬಂಡವಾಳದೊಳಗೆ ಸದ್ದಿಲ್ಲದೆ ಸೇರಿಹೋಗುತ್ತದೆ. ದರ ಹೇಳುವಾಗ ಅದು ನೆನಪಿಗೆ ಬರುವುದಿಲ್ಲ.

ಹಾಗಾದರೆ ದರವನ್ನು ಲೆಕ್ಕ ಹಾಕುವುದು ಹೇಗೆ? ಉತ್ತರ ತೆಂಗಿನ ತೋಟದಲ್ಲಿಯೇ ಇದೆ. ಬೆಲೆ ಆಯೋಗ ರೈತನ ವೆಚ್ಚವನ್ನು ಮೂರು ಹಂತಗಳಲ್ಲಿ ನೋಡುತ್ತದೆ. ಗೊಬ್ಬರ, ಕೂಲಿ, ಉಪಕರಣಗಳ ಸವಕಳಿ ಮುಂತಾದವು ಸೇರಿದ್ದು ‘ಎ2’. ಅದಕ್ಕೆ ಮನೆಯವರ ದುಡಿಮೆಯ ಮೌಲ್ಯ ಕೂಡಿಸಿದರೆ ‘ಎ2 ಮತ್ತು ಎಫ್‌ಎಲ್’. ಸ್ವಂತ ಜಮೀನಿನ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ‘ಸಿ2’. ಬೆಂಬಲ ಬೆಲೆಯನ್ನು ಎರಡನೆಯದರ ಮೇಲೆ ಕಟ್ಟಬೇಕೋ ಮೂರನೆಯದರ ಮೇಲೋ ಎಂಬುದೇ ರೈತ ಚಳವಳಿಯ ಮುಖ್ಯ ಜಗಳ. ಈ ಅಳತೆಗೋಲನ್ನು ಸ್ಟುಡಿಯೋಗೆ ಹಿಡಿದು ನೋಡೋಣ. ಮುಂದಿನ ಅಂಕಿಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬಹುದು.

ಕ್ಯಾಮೆರಾ, ಲೆನ್ಸು, ದೀಪ, ಕಂಪ್ಯೂಟರು ಸೇರಿ ಆರು ಲಕ್ಷದ ಹೂಡಿಕೆ, ನಾಲ್ಕು ವರ್ಷದ ಆಯಸ್ಸು ಎಂದುಕೊಂಡರೆ ವರ್ಷದ ಸವಕಳಿ ಒಂದೂವರೆ ಲಕ್ಷ. ಅಂಗಡಿ ಬಾಡಿಗೆ ವರ್ಷಕ್ಕೆ 60 ಸಾವಿರ. ವಿದ್ಯುತ್ತು, ಇಂಟರ್‌ನೆಟ್, ದುರಸ್ತಿ, ಚಿತ್ರಗಳ ಸಂಗ್ರಹಕ್ಕೆ 40 ಸಾವಿರ. ಒಟ್ಟು ಎರಡೂವರೆ ಲಕ್ಷ. ಅವನ ದುಡಿಮೆಗೂ, ಸಂಜೆ ಕೂತು ಆಲ್ಬಂ ಹೊಂದಿಸುವ ಹೆಂಡತಿಯ ದುಡಿಮೆಗೂ ಸೇರಿ ತಿಂಗಳಿಗೆ 25 ಸಾವಿರ ಎಂದರೆ ವರ್ಷಕ್ಕೆ ಮೂರು ಲಕ್ಷ. ಹೂಡಿದ ಆರು ಲಕ್ಷಕ್ಕೆ ಶೇ 10ರಂತೆ ಬಡ್ಡಿ 60 ಸಾವಿರ. ಎಲ್ಲ ಕೂಡಿ 6 ಲಕ್ಷದ 10 ಸಾವಿರ. ಗುರುತಿನ ಚಿತ್ರ, ಫ್ರೇಮು, ಲ್ಯಾಮಿನೇಷನ್‌ನಿಂದ ಖರ್ಚು ಕಳೆದು 1 ಲಕ್ಷದ 10 ಸಾವಿರ ಬಂತೆನ್ನಿ. ಉಳಿದ ಐದು ಲಕ್ಷ ಸಮಾರಂಭಗಳಿಂದಲೇ ಬರಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸ ಕಳೆದರೆ ಮುಹೂರ್ತಗಳು ಉಳಿಯುವುದೇ ಅಷ್ಟಕ್ಕಷ್ಟೆ. ಒಳ್ಳೆಯ ಮುಹೂರ್ತವಿದ್ದರೆ ಒಂದೇ ದಿನ ನಾಲ್ಕು ಮದುವೆ. ಇವನಾದರೋ ಇರುವುದು ಒಬ್ಬನೇ. ವರ್ಷಕ್ಕೆ 40 ಸಮಾರಂಭಗಳೆಂದರೆ ತಲಾ 12,500 ರೂಪಾಯಿ. ಇದರ ಮೇಲೆ ಆಲ್ಬಂ ಮುದ್ರಣಕ್ಕೆ 9,000, ಸಹಾಯಕನ ಎರಡು ದಿನದ ಕೂಲಿ 3,000, ಓಡಾಟಕ್ಕೆ 500, ಅಂದರೆ ಮತ್ತೊಂದು 12,500. ಈ ಉದಾಹರಣೆಯ ಸ್ಟುಡಿಯೋ ತನ್ನ ವೆಚ್ಚವನ್ನಷ್ಟೇ ಹಿಂಪಡೆಯಲು ಒಂದು ಸಮಾರಂಭಕ್ಕೆ 25 ಸಾವಿರ ಕೇಳಬೇಕು. ಲಾಭದ ಮಾತು ಆಮೇಲೆ.

ಪಕ್ಕದ ಊರಿನವನ ದರ 18 ಸಾವಿರ ಎಂಬ ಕಾರಣಕ್ಕೆ ಇವನೂ ಅಷ್ಟಕ್ಕೇ ಒಪ್ಪುತ್ತಾನೆ. ಮುದ್ರಣ, ಕೂಲಿ, ಓಡಾಟ ಕಳೆದು ಕೈಯಲ್ಲಿ 5,500 ಉಳಿಯುತ್ತದೆ. ನಲವತ್ತು ಸಮಾರಂಭಕ್ಕೆ 2 ಲಕ್ಷದ 20 ಸಾವಿರ. ಅಂಗಡಿಯ ಆದಾಯ ಕೂಡಿಸಿ, ಬಾಡಿಗೆ, ವಿದ್ಯುತ್ತು ಇತ್ಯಾದಿ ಕಳೆದರೆ 2 ಲಕ್ಷದ 30 ಸಾವಿರ. ತಿಂಗಳಿಗೆ ಸುಮಾರು 19 ಸಾವಿರ. ಊರಿನಲ್ಲೇ ಇದ್ದುಕೊಂಡು ಇಷ್ಟು ಬಂದರೆ ಸಾಕೆಂದು ಅವನಿಗೂ ಅವನ ಮನೆಯವರಿಗೂ ಅನ್ನಿಸುತ್ತದೆ. ಆದರೆ ಇದರಲ್ಲಿ ಒಂದೂವರೆ ಲಕ್ಷ ಸವೆಯುತ್ತಿರುವ ಕ್ಯಾಮೆರಾಕ್ಕೆ ಸೇರಿದ್ದು. ಅದನ್ನು ತೆಗೆದಿಟ್ಟರೆ ಇಬ್ಬರ ಇಡೀ ವರ್ಷದ ದುಡಿಮೆಗೆ ಸಿಗುವುದು 80 ಸಾವಿರ, ಅಂದರೆ ತಿಂಗಳಿಗೆ ಏಳು ಸಾವಿರಕ್ಕೂ ಕಡಿಮೆ. ನಾಲ್ಕು ವರ್ಷಗಳ ಕಾಲ ಅವನು ಊಟ ಮಾಡಿದ್ದು ಕ್ಯಾಮೆರಾವನ್ನೇ. ಹಳೆಯ ಎತ್ತು ಸತ್ತಾಗ ಹೊಸ ಎತ್ತಿಗೆ ಸಾಲ ಮಾಡುತ್ತಿದ್ದ ರೈತನ ಕಥೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಇದಕ್ಕೆ ಪರಿಹಾರವಾಗಿ ಸಂಘ ಕಟ್ಟಿ ಎಲ್ಲರೂ ಒಂದೇ ದರ ಪಟ್ಟಿ ತೂಗುಹಾಕಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಸದುದ್ದೇಶವಿರಬಹುದು. ಆದರೆ ಒಂದೇ ವೃತ್ತಿಯವರು ಸೇರಿ ಬೆಲೆ ನಿಗದಿ ಮಾಡುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನ ಉಲ್ಲಂಘನೆಯಾಗುತ್ತದೆ. ಔಷಧ ವ್ಯಾಪಾರಿಗಳ ಸಂಘಗಳಿಗೆ ಸ್ಪರ್ಧಾ ಆಯೋಗ ದಂಡ ಹಾಕಿದ ನಿದರ್ಶನಗಳಿವೆ. ಕಾನೂನನ್ನು ಬದಿಗಿಟ್ಟು ನೋಡಿದರೂ ಅನುಭವಿಗೂ ನಿನ್ನೆ ಅಂಗಡಿ ತೆರೆದವನಿಗೂ ಒಂದೇ ದರ ಕಟ್ಟುವುದರಲ್ಲಿ ನ್ಯಾಯವಿಲ್ಲ. ಸಂಘ ಮಾಡಬಹುದಾದ ಕೆಲಸ ಬೇರೆಯಿದೆ. ಮೇಲೆ ಹೇಳಿದಂತಹ ವೆಚ್ಚದ ತಖ್ತೆಯನ್ನು ಸದಸ್ಯರಿಗೆ ಕಲಿಸಲಿ. ತನ್ನ ವೆಚ್ಚ ಎಷ್ಟೆಂದು ತಿಳಿದವನು ದರ ಇಳಿಸಿದರೂ ತಿಳಿದೇ ಇಳಿಸುತ್ತಾನೆ.

ಈ ಮಾರುಕಟ್ಟೆಯನ್ನು ಕೆಡಿಸುವುದರಲ್ಲಿ ಸರ್ಕಾರದ ಪಾತ್ರವೂ ಸಣ್ಣದಲ್ಲ. 1993ರಲ್ಲಿ ಟಿ.ಎನ್. ಶೇಷನ್ ಅವರ ಚುನಾವಣಾ ಆಯೋಗ ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿಗೆ ಆದೇಶಿಸಿದಾಗ ದೇಶದ ಇತಿಹಾಸದಲ್ಲಿಯೇ ದೊಡ್ಡದೆನ್ನಬಹುದಾದ ಛಾಯಾಗ್ರಹಣ ಕಾರ್ಯಕ್ರಮ ಶುರುವಾಯಿತು. ಅಂತಹ ಕೆಲಸಗಳ ಟೆಂಡರುಗಳನ್ನು ಹತ್ತಿರದಿಂದ ಕಂಡವನು ನಾನು. ತಲೆಗೆ ಇಷ್ಟು ಪೈಸೆ ಎಂದು ಕಡಿಮೆ ಕೂಗಿದವನಿಗೆ ಕೆಲಸ; ಮುಖ ಕಪ್ಪಾಗಿ ಬಂದರೆ ಅದು ಮತದಾರನ ಅದೃಷ್ಟ. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಜಾರಿಯಾದಾಗ ಅದರ ಮಾರ್ಗಸೂಚಿ ಒಂದು ಒಳ್ಳೆಯ ಮಾತನ್ನು ಹೇಳಿತ್ತು: ಉದ್ಯೋಗ ಚೀಟಿಯ ಭಾವಚಿತ್ರದ ವೆಚ್ಚವನ್ನು ಕೂಲಿಕಾರನಿಂದ ವಸೂಲು ಮಾಡದೆ ಯೋಜನೆಯ ಹಣದಿಂದಲೇ ಭರಿಸಬೇಕು. ಚಿತ್ರಕ್ಕೆ ಬೆಲೆಯಿದೆ, ಅದನ್ನು ಯಾರಾದರೂ ಕೊಡಲೇಬೇಕು ಎಂಬ ಒಪ್ಪಿಗೆ ಅದರಲ್ಲಿತ್ತು. ಅದೇ ಯೋಜನೆಯಲ್ಲಿ 2021ರಿಂದ ಕೂಲಿಕಾರರ ಹಾಜರಾತಿಗೆ ಮೊಬೈಲಿನಲ್ಲಿ ದಿನಕ್ಕೆರಡು ಬಾರಿ ಚಿತ್ರ ತೆಗೆಯುವ ವ್ಯವಸ್ಥೆ ಬಂತು. 2023ರಿಂದ ಅದು ಕಡ್ಡಾಯವಾಯಿತು. ಆ ಚಿತ್ರಗಳಿಗೆ ದರವೆಂಬುದೇ ಇರಲಿಲ್ಲ. ಆಧಾರ್ ಕೇಂದ್ರದಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಅರ್ಜಿದಾರನ ಚಿತ್ರವನ್ನು ಅಲ್ಲಿಯೇ ತೆಗೆಯುತ್ತಾರೆ. ನಾಗರಿಕನಿಗೆ ಇದರಿಂದ ಅನುಕೂಲವಾಗಿದೆ, ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾರೂ ಹೇಳಲಾರರು. ಆದರೆ ಸ್ಟುಡಿಯೋವನ್ನು ದಿನನಿತ್ಯ ನಡೆಸುತ್ತಿದ್ದ ಗುರುತಿನ ಚಿತ್ರದ ಆದಾಯ ಹೀಗೆ ಕರಗಿತೆಂಬುದನ್ನೂ, ಆ ಹೊರೆ ಈಗ ಸಮಾರಂಭದ ದರದ ಮೇಲೆ ಬಿದ್ದಿದೆಯೆಂಬುದನ್ನೂ ಗಮನಿಸಬೇಕು.

ಇಷ್ಟು ಹೊತ್ತು ಹೇಳಿದ್ದು ವೆಚ್ಚದ ಮಾತು. ಚಿತ್ರದ ಬೆಲೆಯಲ್ಲಿ ಇನ್ನೊಂದು ಅಂಶವಿದೆ. ನಮ್ಮ ಛಾಯಾಗ್ರಾಹಕರಲ್ಲಿ ಬಹುಮಂದಿ ಅದನ್ನು ಕೇಳುವುದೇ ಇಲ್ಲ. ಅದು ಬಳಕೆಯ ಹಕ್ಕಿನ ಬೆಲೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರ ಅದನ್ನು ತೆಗೆಸಿದವನು, ವ್ಯತಿರಿಕ್ತ ಒಪ್ಪಂದ ಇಲ್ಲದಿದ್ದರೆ. ಮದುಮಕ್ಕಳ ಚಿತ್ರದ ಮಟ್ಟಿಗೆ ಈ ನಿಯಮ ಸರಿಯಾಗಿಯೇ ಇದೆ. ನಮ್ಮ ಮನೆಯ ಮಗಳ ಚಿತ್ರ ಯಾರದೋ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದನ್ನು ಯಾರು ತಾನೇ ಸಹಿಸುತ್ತಾರೆ? ಆದರೆ ಗಿರಿಶ್ರೇಣಿಯ ಒಂದು ರೆಸಾರ್ಟು ಇದೇ ಹುಡುಗನನ್ನು ಒಂದು ದಿನಕ್ಕೆ ಕರೆಸಿ, ಮದುವೆಯ ದರವನ್ನೇ ಕೊಟ್ಟು, ಆ ಚಿತ್ರಗಳನ್ನು ಹತ್ತು ವರ್ಷ ಫಲಕಗಳಲ್ಲೂ ಕೈಪಿಡಿಗಳಲ್ಲೂ ಬಳಸಿಕೊಂಡರೆ ಅವನು ಕೇಳುವಂತಿಲ್ಲ. ಹಕ್ಕು ಮೊದಲ ದಿನವೇ ಕೈ ಬಿಟ್ಟಿರುತ್ತದೆ. ಕ್ಯಾಮೆರಾ ಎತ್ತುವ ಮುನ್ನ ಮಾಡಿಕೊಂಡ ಒಂದು ಪುಟದ ಬರಹ ಮಾತ್ರ ಇದನ್ನು ತಡೆಯಬಲ್ಲದು.

ತನ್ನ ಖುಷಿಗೆ ತಾನೇ ಹೋಗಿ ತೆಗೆದ ಚಿತ್ರದ ಮಾತು ಹಾಗಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆ ಹುಲ್ಲುಗಾವಲಿನ ಕೃಷ್ಣಮೃಗವನ್ನು ಬೆಳಗಿನ ಬೆಳಕಿನಲ್ಲಿ ಸೆರೆಹಿಡಿದವನು ಆ ಚಿತ್ರದ ಪೂರ್ಣ ಒಡೆಯ. 2012ರ ತಿದ್ದುಪಡಿಯ ನಂತರ ಅವನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಆ ಹಕ್ಕು ಉಳಿಯುತ್ತದೆ. ಅದಕ್ಕೆ ಮೊದಲು ಛಾಯಾಚಿತ್ರಕ್ಕೆ ಸಾಹಿತ್ಯಕೃತಿಯ ಸಮಾನ ಸ್ಥಾನ ಇರಲಿಲ್ಲ. ಇಂತಹ ಚಿತ್ರವನ್ನು ಅವನು ಮಾರಬೇಕಿಲ್ಲ, ಬಳಕೆಗೆ ಕೊಡಬಹುದು: ಈ ಪುಸ್ತಕಕ್ಕೆ ಇಷ್ಟು, ಆ ಫಲಕಕ್ಕೆ ಒಂದು ವರ್ಷಕ್ಕೆ ಇಷ್ಟು. ತೋಟದ ಫಸಲು ಗುತ್ತಿಗೆ ಕೊಡುವವನು ತೋಟವನ್ನೇ ಬರೆದುಕೊಡುವುದಿಲ್ಲವಷ್ಟೆ.

ಜಗತ್ತಿನ ದೊಡ್ಡ ಛಾಯಾಗ್ರಾಹಕರು ಈ ಪಾಠವನ್ನು ಬಹಳ ಹಿಂದೆಯೇ ಕಲಿತರು. 1947ರಲ್ಲಿ ಕಾರ್ತಿಯೇ ಬ್ರೆಸ್ಸೋಂ, ರಾಬರ್ಟ್ ಕಾಪಾ ಮುಂತಾದವರು ಮ್ಯಾಗ್ನಂ ಎಂಬ ಸಹಕಾರಿ ಸಂಸ್ಥೆ ಕಟ್ಟಿದ್ದರ ಹಿಂದೆ, ಚಿತ್ರದ ಹಕ್ಕು ಪತ್ರಿಕೆಗಲ್ಲ, ತೆಗೆದವನಿಗೇ ಉಳಿಯಬೇಕೆಂಬ ಹಟವಿತ್ತು. ಮೈಸೂರಿನ ಟಿ.ಎಸ್. ಸತ್ಯನ್ ಸಂಬಳದ ನೌಕರಿ ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾಗಿ ‘ಲೈಫ್’, ‘ಟೈಮ್’ನಂತಹ ಪತ್ರಿಕೆಗಳಿಗೆ ಚಿತ್ರ ಕೊಟ್ಟು ಬದುಕಿದ ಕಾಲದಲ್ಲಿ, ಚಿತ್ರ ಯಾರಿಗೆ ಎಷ್ಟು ಉಪಯೋಗ ಎಂಬುದರ ಮೇಲೆ ಸಂಭಾವನೆ ನಿಲ್ಲುವ ಒಂದು ಮಾರುಕಟ್ಟೆಯಾದರೂ ಇತ್ತು. ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಎಂ.ವೈ. ಘೋರ್ಪಡೆಯವರಿಗೋ, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕೂರುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೋ ಛಾಯಾಗ್ರಹಣ ಜೀವನೋಪಾಯವಾಗಿರಲಿಲ್ಲ. ದರದ ಚಿಂತೆ ಅವರನ್ನು ಕಾಡಿರಲಾರದು. ಹವ್ಯಾಸಿಗಳ ಔದಾರ್ಯ ವೃತ್ತಿನಿರತನಿಗೆ ಮುಳುವಾಗುವ ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಸಂಬಳವೋ ಪಿಂಚಣಿಯೋ ಇರುವ, ನನ್ನಂತಹವರ ಪೈಕಿಯ ಅನೇಕರು ದುಬಾರಿ ಲೆನ್ಸು ಹಿಡಿದು ಕಾಡು ಸುತ್ತಿ, ‘ಹೆಸರು ಹಾಕಿದರೆ ಸಾಕು’ ಎಂದು ಚಿತ್ರ ಕೊಟ್ಟುಬಿಡುತ್ತಾರೆ. ಹೆಸರು ಹಾಕುವುದು ಪ್ರತಿಫಲವೇ ಅಲ್ಲ. ಕಾಯ್ದೆಯ 57ನೇ ಕಲಂ ಅದನ್ನು ಕೃತಿಕಾರನ ಹಕ್ಕೆಂದೇ ಮಾನ್ಯ ಮಾಡಿದೆ. ಅಂತರ್ಜಾಲದಲ್ಲಿ ಒಂದೆರಡು ಡಾಲರಿಗೆ ಚಿತ್ರ ಮಾರುವ ಸಂಸ್ಥೆಗಳು 2000ದ ನಂತರ ಬೆಳೆದದ್ದು ಬಹುಪಾಲು ಇಂತಹ ಹವ್ಯಾಸಿಗಳ ಬಲದಿಂದ. ಈಗ ಕೃತಕ ಬುದ್ಧಿಮತ್ತೆ ಆ ಒಂದೆರಡು ಡಾಲರನ್ನೂ ಬೇಡವೆನ್ನುತ್ತಿದೆ. ಯಂತ್ರ ಸೃಷ್ಟಿಸಿದ ಕೃಷ್ಣಮೃಗ ಕೈಪಿಡಿಯ ಮುಖಪುಟಕ್ಕೆ ಸಾಕಾದೀತು. ಪಂಚನಹಳ್ಳಿಯ ಒಂದು ಮನೆಯ ಅಜ್ಜಿ ಮೊಮ್ಮಗಳ ಧಾರೆಯ ಹೊತ್ತಿಗೆ ಹೇಗಿದ್ದಳೆಂಬುದನ್ನು ಅದು ತೋರಿಸಲಾರದು.

ದರದಲ್ಲಿ ಸಂಗ್ರಹದ ವೆಚ್ಚ ಸೇರಬೇಕೆನ್ನುವುದು ಈ ಕಾರಣಕ್ಕೇ. ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್‌ಗಳು ಡಬ್ಬಿಗಳಲ್ಲಿ ಇರುತ್ತಿದ್ದವು. ಹತ್ತು ವರ್ಷ ಬಿಟ್ಟು ಹೋದರೂ ತೀರಿಹೋದವರ ಚಿತ್ರವೊಂದು ಸಿಗುವ ಭರವಸೆಯಿತ್ತು. ಇಂದು ಹಾರ್ಡ್ ಡಿಸ್ಕು ತುಂಬಿದೊಡನೆ ಹಳೆಯ ಮದುವೆಯನ್ನು ಅಳಿಸಿ ಹೊಸ ಮದುವೆ ತುಂಬಿಸುತ್ತಾರೆ, ಏಕೆಂದರೆ ಕಾಪಿಡುವುದಕ್ಕೆಂದು ಯಾರೂ ಹಣ ಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ. ಒಂದು ಹೋಬಳಿಯ ಜನಜೀವನದ ದಾಖಲೆ ಹೀಗೆ ಕೆಲವು ಸಾವಿರ ರೂಪಾಯಿಗಾಗಿ ಅಳಿಸಿಹೋಗುತ್ತಿದೆ. ಐದು ವರ್ಷ ಕಾಪಿಡಲು ಇಷ್ಟು, ಇಪ್ಪತ್ತು ವರ್ಷಕ್ಕೆ ಇಷ್ಟು ಎಂದು ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಬರೆದರೆ ಕೊಡುವವರು ಇದ್ದೇ ಇರುತ್ತಾರೆ.

ಮೊದಲ ಹೆಜ್ಜೆಯನ್ನು ಸರ್ಕಾರವೇ ಇಡಬಹುದು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಜಿಲ್ಲಾಡಳಿತಗಳೂ ಇಲಾಖೆಗಳೂ ಕೈಪಿಡಿ, ದಿನದರ್ಶಿಕೆ, ಉತ್ಸವದ ಫಲಕಗಳಿಗೆ ಚಿತ್ರ ಬೇಕಾದಾಗ, ಸ್ಪರ್ಧೆಯ ಹೆಸರಿನಲ್ಲಿ ನೂರಾರು ಚಿತ್ರ ತರಿಸಿಕೊಂಡು ಬಂದವುಗಳ ಹಕ್ಕೆಲ್ಲ ತಮ್ಮದೆಂದು ಷರತ್ತು ಹಾಕುವುದನ್ನು ಬಿಡಲಿ. ಅಮೃತಾಪುರದ ಅಮೃತೇಶ್ವರ ದೇಗುಲದ ಒಂದು ಚಿತ್ರ ಬೇಕೆ? ಮೊತ್ತ ಎಷ್ಟು, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಹೆಸರು ಎಲ್ಲಿ ಎಂಬ ನಾಲ್ಕು ಸಂಗತಿಗಳನ್ನು ಆದೇಶದಲ್ಲಿ ಬರೆಯಲಿ. ಹಕ್ಕಿನ ವರ್ಗಾವಣೆ ಪತ್ರದಲ್ಲಿ ಅವಧಿ ಕಾಣಿಸದಿದ್ದರೆ ಐದು ವರ್ಷ, ಪ್ರದೇಶ ಕಾಣಿಸದಿದ್ದರೆ ಭಾರತದ ಮಟ್ಟಿಗೆ ಮಾತ್ರ ಎಂದು ಕಾಯ್ದೆಯ 19ನೇ ಕಲಂ ಹೇಳುತ್ತದೆ. ಹಳೆಯ ಕೈಪಿಡಿಯನ್ನೇ ವರ್ಷ ವರ್ಷ ಮರುಮುದ್ರಿಸುವ ಕಚೇರಿಗಳು ತಮ್ಮ ಕಡತಗಳನ್ನು ಒಮ್ಮೆ ತೆರೆದು ಈ ಕಲಮಿನ ಬೆಳಕಿನಲ್ಲಿ ನೋಡಿಕೊಳ್ಳುವುದು ಒಳಿತು. ಆ ಚಿತ್ರಗಳನ್ನು ತೆಗೆದವರು ಇನ್ನೂ ಅದೇ ಊರುಗಳಲ್ಲಿ ಮದುವೆಯ ಮುಂಗಡಕ್ಕಾಗಿ ಕಾಯುತ್ತಿದ್ದಾರೆ.